ಎಡಕ್ಕೆ ನಿಂತ ಕಣ್ಣು

2025ರ ನವೆಂಬರ್ 19, ಬುಧವಾರ. ಬೆಳಿಗ್ಗೆ ಹತ್ತೂವರೆಗೆ ಹಿರಿಯೂರು ತಾಲ್ಲೂಕಿನ ಹೆದ್ದಾರಿ ಬದಿಯ ಠಾಣೆಗೆ ಮೂವರು ಬಂದರು. ಮುಂದಿದ್ದವನು ಸಣ್ಣಪ್ಪ, ವಯಸ್ಸು ಐವತ್ತರ ಮೇಲೆ, ಕುರಿ ಸಾಕುವವನು. ಅವನ ಹಿಂದೆ ಬಿಳಿಗಲ್ಲಹಟ್ಟಿಯ ಹಿರಿಯ ದೊಡ್ಡತಿಮ್ಮಪ್ಪ ಮತ್ತು ಇನ್ನೊಬ್ಬ ಹಟ್ಟಿಯವನು.

ಸಬ್ ಇನ್ಸ್‌ಪೆಕ್ಟರ್ ಎರ್ರಿಸ್ವಾಮಿ ಕುರ್ಚಿ ತೋರಿಸಿದ.

"ಕುಂತ್ಕಳ್ರಿ. ಏನಾತು?"

"ನಮ್ಮಕ್ಕ ಬರಗೇರಮ್ಮ ಬಿದ್ದಿದ್ದಲ್ಲ ಸಾರ್. ಹೊಡೆದದ್ದು," ಎಂದ ಸಣ್ಣಪ್ಪ.

ಎರ್ರಿಸ್ವಾಮಿಗೆ ಆ ಹೆಸರು ಗೊತ್ತಿತ್ತು. ಸೋಮವಾರ ಚಿತ್ರದುರ್ಗದ ಆಸ್ಪತ್ರೆಯಿಂದ ಬಂದ ಮಾಹಿತಿಯಲ್ಲಿ, ಅರವತ್ತರ ಹೆಂಗಸು ಕುರಿ ರೊಪ್ಪದಲ್ಲಿ ಬಿದ್ದು ತಲೆಗೆ ಪೆಟ್ಟಾಗಿದೆ, ಮಾತು ನಿಂತಿದೆ ಎಂದಿತ್ತು.

"ಹೊಡೆದೋರು ಯಾರು?"

"ಮನೆಯಾಗೇ ಇರೋಳು. ಮಗನ ಹೆಂಡ್ತಿ, ಮಮತಾ."

"ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ಅಕ್ಕನೇ ಹೇಳಿದ್ಲು."

"ಅವ್ರಿಗೆ ಮಾತೇ ಬರಲ್ಲ ಅಂತ ಬರೆದವ್ರಲ್ಲ?"

"ಬಾಯಾಗೆ ಹೇಳಿಲ್ಲ ಸಾರ್. ಕಣ್ಣಾಗೆ ಹೇಳಿದ್ಲು."

ದೊಡ್ಡತಿಮ್ಮಪ್ಪ ಮುಂದಕ್ಕೆ ಬಾಗಿದ. "ನಿನ್ನೆ ಮಧ್ಯಾಹ್ನ ನಾನೇ ಎದುರಿಗೆ ನಿಂತು ಕಂಡೀನಿ ಸಾಹೇಬ್ರೆ. 'ಅಕ್ಕಾ, ಯಾರು ಹೊಡೆದೋರು, ತೋರ್ಸು' ಅಂತ ಇವ್ನು ಮತ್ತೆ ಮತ್ತೆ ಕೇಳಿದ. ಕೇಳಿದಾಗೆಲ್ಲ ಆಯಮ್ಮ ಸೊಸೆ ಮುಖಾನೇ ನೋಡಿದ್ಲು. ಬ್ಯಾರೆ ಯಾರ ಕಡೀಗೂ ಕಣ್ಣು ತಿರುಗಿಸ್ಲಿಲ್ಲ. ಸಾಯೋ ಹಾಸಿಗೆ ಮ್ಯಾಲೆ ಇರೋಳು ಸುಳ್ಳು ಯಾಕ್ ತೋರಿಸ್ತಾಳೆ?"

ಎರ್ರಿಸ್ವಾಮಿ ದೂರು ಬರೆಸಿಕೊಂಡು ಸಹಿ ಹಾಕಿಸಿದ. ಕೊಲೆ ಯತ್ನದ ಕಲಂ ಅಡಿಯಲ್ಲಿ ಎಫ್ಐಆರ್ ಸಿದ್ಧವಾಯಿತು. ಆರೋಪಿಯ ಜಾಗದಲ್ಲಿ ಮಮತಾ, ಗಂಡ ಶ್ರೀನಿವಾಸ್ ಎಂದು ಟೈಪಾದದ್ದನ್ನು ಅವನು ಓದಿದ, ಮತ್ತೆ ಓದಿದ, ಎದ್ದುಹೋಗಿ ನೀರು ಕುಡಿದು ಬಂದು ಇನ್ನೊಮ್ಮೆ ಓದಿದ. ಕಾನ್‌ಸ್ಟೇಬಲ್ ಆಗಿ ಸೇರಿ ಪರೀಕ್ಷೆ ಕಟ್ಟಿ ಮೇಲೆ ಬಂದವನು ಅವನು. ಮನೆಗೆ ಬೀಗ ಹಾಕಿ ರಸ್ತೆಯ ತಿರುವಿನವರೆಗೆ ಹೋದವನು ವಾಪಸ್ಸು ಬಂದು ಬೀಗ ಎಳೆದು ನೋಡುವ ಸ್ವಭಾವ.

"ಸಾರ್, ಲಗ್ನಪತ್ರಿಕೆ ಕೂಡ ಯಾರೂ ಇಷ್ಟು ಸಲ ಓದಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್ ಬೋರಯ್ಯ.

"ಲಗ್ನಪತ್ರಿಕೆ ತಪ್ಪಾದ್ರೆ ಯಾರೂ ಜೈಲಿಗೆ ಹೋಗಲ್ಲ ಬೋರಯ್ಯ."

"ಹೋಗ್ತಾರೆ ಸಾರ್. ನಾನು ಹೋಗಿಲ್ವಾ, ಇಪ್ಪತ್ತು ವರ್ಷ ಆತು."

ಎರ್ರಿಸ್ವಾಮಿಗೆ ನಗು ಬರಲಿಲ್ಲ. ಮೂವರು ಒಂದೇ ಮಾತು ಹೇಳಿದ್ದರು. ಅದು ಅವನಿಗೆ ಧೈರ್ಯ ಕೊಡುವ ಬದಲು ಎದೆಯಲ್ಲಿ ಒಂದು ಸಣ್ಣ ಕಲ್ಲಿಟ್ಟಿತ್ತು.

ಮಧ್ಯಾಹ್ನ ಅವನು, ಬೋರಯ್ಯ ಮತ್ತು ಮಹಿಳಾ ಕಾನ್‌ಸ್ಟೇಬಲ್ ಜಯಶೀಲಾ ಚಿತ್ರದುರ್ಗದ ಆಸ್ಪತ್ರೆ ತಲುಪಿದರು. ವಾರ್ಡಿನ ಹೊರಗಿನ ಬೇವಿನ ಮರದಡಿ ಬರಗೇರಮ್ಮನ ಮಗ ಶ್ರೀನಿವಾಸ್ ಕುಕ್ಕರುಗಾಲಲ್ಲಿ ಕೂತಿದ್ದ. ಹೊಸದುರ್ಗದ ಕಡೆಯ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡಿದ್ದವನು ಸುದ್ದಿ ತಿಳಿದು ಸೋಮವಾರ ಸಂಜೆ ಬಂದಿದ್ದ. ಪೊಲೀಸರನ್ನು ಕಂಡು ಎದ್ದನೇ ಹೊರತು ಒಳಗೆ ಬರಲಿಲ್ಲ.

ಬರಗೇರಮ್ಮ ಅಂಗಾತ ಮಲಗಿದ್ದಳು. ತಲೆಗೆ ಬ್ಯಾಂಡೇಜು. ಬಲಗೈ ಬಟ್ಟೆಯ ಹಾಗೆ ಪಕ್ಕಕ್ಕೆ ಬಿದ್ದಿತ್ತು. ಎಡಕ್ಕೆ, ಡ್ರಿಪ್ ಸ್ಟ್ಯಾಂಡಿನ ಪಕ್ಕ, ಇಪ್ಪತ್ತನಾಲ್ಕೈದರ ಹೆಣ್ಣುಮಗಳೊಬ್ಬಳು ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳೇ ಮಮತಾ. ಬಲಕ್ಕೆ ಆಗಲೇ ಬೈಕಿನಲ್ಲಿ ಬಂದು ಮುಟ್ಟಿದ್ದ ಸಣ್ಣಪ್ಪ.

ಬರಗೇರಮ್ಮನ ಎರಡೂ ಕಣ್ಣು ಎಡಕ್ಕೆ ನಿಂತಿದ್ದವು. ಆಗೊಮ್ಮೆ ಈಗೊಮ್ಮೆ ಸಣ್ಣಗೆ ಅದುರಿ ನಡುವಿಗೆ ಬರಲು ನೋಡಿ, ಇಳಿಜಾರಲ್ಲಿ ಕಾಲು ಜಾರಿದಂತೆ ಮತ್ತೆ ಎಡಕ್ಕೇ ಹೋಗುತ್ತಿದ್ದವು. ಆ ದೃಷ್ಟಿ ಮಮತಾಳ ಮುಖದ ಮೇಲಿತ್ತು.

ಜಯಶೀಲಾ ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿದಳು. ಎರ್ರಿಸ್ವಾಮಿ ಬಾಗಿ ಮೆಲ್ಲಗೆ ಕೇಳಿದ.

"ಅಮ್ಮಾ, ನಾನು ಪೊಲೀಸಿನೋನು. ನಿಮಗೆ ಯಾರಾದ್ರೂ ಹೊಡೆದ್ರಾ?"

ಕಣ್ಣು ಮಮತಾಳನ್ನು ಬಿಡಲಿಲ್ಲ. ತುಟಿಯ ಎಡ ಅಂಚು ಅಲುಗಿತು. ಗಂಟಲಲ್ಲಿ ಏನೋ ಉರುಳಿ ಹೊರಗೆ ಬಂತು.

"ಸೊ... ಸೆ."

ಅವಳಿಗೆ ಪೆಟ್ಟು ಬಿದ್ದ ಮೇಲೆ ಅದೇ ಮೊದಲ ಮಾತು. ಪಕ್ಕದ ಹಾಸಿಗೆಯವರೂ ಕೇಳಿಸಿಕೊಂಡರು. ಮಮತಾಳ ಕೈಯ ಬಟ್ಟಲು ಓರೆಯಾಗಿ ಗಂಜಿ ನೆಲಕ್ಕೆ ಚೆಲ್ಲಿತು.

"ಇನ್ನೇನು ಬೇಕು ಸಾರ್?" ಸಣ್ಣಪ್ಪನ ದನಿ ಏರಿತು. "ಇವಳ ಕೈಯಾಗೆ ಗಂಜಿ ಕೊಡಿಸ್ತದೀರಲ್ಲ, ಅದ್ರಾಗೆ ಏನ್ ಕಲಸಿದ್ರೆ ಯಾರು ಹೊಣೆ? ಮೊದ್ಲು ಇವಳನ್ನ ಹೊರಗೆ ಹಾಕ್ರಿ!"

"ನಾನ್ಯಾಕೆ ಹೊಡೀಲಿ ಸಾರ್?" ಮಮತಾ ಇಷ್ಟೇ ಹೇಳಿದಳು. ಆಮೇಲೆ ಕೂತು, ಸೆರಗಿನಿಂದಲೇ ನೆಲ ಒರೆಸತೊಡಗಿದಳು.

ಅವಳನ್ನು ಹೊರಗೆ ಕಳಿಸಿದರೆ ಉಣಿಸುವವರಿಲ್ಲ ಎಂದರು ನರ್ಸ್. ಬಾಯಿಯ ಒಂದು ಬದಿ ಸತ್ತಂತಾದ ಮುದುಕಿಗೆ ತಾಳ್ಮೆಯಿಂದ ಎಡದವಡೆಗೆ ಗಂಜಿ ಇಳಿಸುವುದು ಮಮತಾಳಿಗೆ ಮಾತ್ರ ಒಗ್ಗಿತ್ತು. ಬೇರೆ ಯಾರು ಹಾಕಿದರೂ ನೆತ್ತಿಗೆ ಹತ್ತುತ್ತಿತ್ತು. ಎರ್ರಿಸ್ವಾಮಿ ವಾರ್ಡಿನ ಬಾಗಿಲಲ್ಲಿ ನಿಂತು ಎರಡೂ ಬದಿಯನ್ನು ತೂಗಿದ. ಇವಳೇ ಹೊಡೆದವಳಾಗಿದ್ದು, ತಾನು ಇವಳನ್ನು ಹಾಸಿಗೆಯ ಬಳಿ ಬಿಟ್ಟು, ರಾತ್ರಿ ಏನಾದರೂ ಆದರೆ? ಇವಳು ಹೊಡೆದಿಲ್ಲದೆ, ತಾನು ಎಳೆದುಕೊಂಡು ಹೋಗಿ, ಗಂಜಿ ನೆತ್ತಿಗೆ ಹತ್ತಿ ಮುದುಕಿ ಸತ್ತರೆ?

"ಜಯಶೀಲಾ, ನೀನು ಇಲ್ಲೇ ಇರು. ಗಂಜಿ ನಿನ್ನ ಕಣ್ಣೆದುರಿಗೇ ಆಗ್ಬೇಕು, ನೀನು ಮೊದಲು ರುಚಿ ನೋಡ್ಬೇಕು."

"ನಾನಾ ಸಾರ್?"

"ಬೇಡ ಅಂದ್ರೆ ನಾನೇ ಇರ್ತೀನಿ."

"ಇರ್ತೀನಿ ಬಿಡ್ರಿ. ನಮ್ಮತ್ತೆ ಕೈ ಅಡಿಗೆ ಉಂಡೋಳು ನಾನು, ಇದೇನ್ ಮಹಾ," ಎಂದು ಅವಳು ಸ್ಟೂಲು ಎಳೆದುಕೊಂಡಳು.

ಹೊರಗೆ ಮರದಡಿ ಶ್ರೀನಿವಾಸನನ್ನು ಮಾತಾಡಿಸಿದ.

"ಹೆಂಡ್ತಿ ಮೇಲೆ ನಿಮಗೆ ಅನುಮಾನ ಐತಾ?"

"ಇರ್ಲಿಲ್ಲ."

"ಈಗ?"

ಶ್ರೀನಿವಾಸ್ ನೆಲದ ಮೇಲೆ ಗೀರು ಎಳೆದ. "ನಮ್ಮವ್ವ ಯಾಕೆ ಅವಳನ್ನೇ ನೋಡ್ತಾಳೆ ಸಾರ್? ನಾನು ಮಗ, ಬಲಗಡೆ ನಿಂತು ಕೂಗಿದ್ರೂ ನನ್ನ ಕಡೀಗೆ ತಿರುಗಲಿಲ್ಲ."

ಸಂಜೆ ನಾಲ್ಕಕ್ಕೆ ಬಿಳಿಗಲ್ಲಹಟ್ಟಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಐಮಂಗಲದಿಂದ ಒಳಗೆ ತಿರುಗಿದರೆ ಕಲ್ಲುಗುಡ್ಡದ ಬುಡಕ್ಕೆ ಹಟ್ಟಿ. ಹಟ್ಟಿಯ ಕೊನೆಗೆ ಬರಗೇರಮ್ಮನ ಮನೆ. ಮನೆಯ ಹಿಂದೆ ಮುಳ್ಳಿನ ಬೇಲಿಯ ರೊಪ್ಪ. ಮಂದೆ ಮೇವಿಗೆ ಹೋದಾಗ ಮರಿಗಳು ಮಾತ್ರ ಅಲ್ಲಿರುತ್ತವೆ. ರೊಪ್ಪದ ಬಾಯಿಯ ಹತ್ತಿರ ನೆಲದಲ್ಲಿ ರಕ್ತದ ಕಲೆ ಒಣಗಿತ್ತು. ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಏನೂ ಇರಲಿಲ್ಲ. ಬಿದ್ದು ಪೆಟ್ಟಾಗಿದ್ದರೆ ತಗಲಬೇಕಾಗಿದ್ದ ಕಲ್ಲು ಅದೊಂದೇ. ಕಲೆಯಾದ ಮಣ್ಣು, ಕಲೆಯಿಲ್ಲದ ಮಣ್ಣು ಬೇರೆ ಬೇರೆ ಪೊಟ್ಟಣಕ್ಕೆ ಹೋದವು.

ಪಂಚರಾಗಿ ನಿಂತ ಹಟ್ಟಿಯವರ ಜೊತೆ ಪಕ್ಕದ ಮನೆಯ ನಿಂಗಕ್ಕನೂ ಇದ್ದಳು. ಸೋಮವಾರ ಬೆಳಿಗ್ಗೆ ಮಮತಾ ಕೂಗಿಕೊಂಡಾಗ ಮೊದಲು ಓಡಿಬಂದವಳು.

"ನೀವು ಬಂದಾಗ ರೊಪ್ಪದ ಬಾಯಿ ಹೆಂಗಿತ್ತು?"

"ಮುಳ್ಳು ಎಳೆದು ಮುಚ್ಚಿತ್ತು. ಮಮತಾ ಹೊರಗೆ ನಿಂತು ಮುಳ್ಳು ತೆಗಿಯಾಕೆ ಬಾರದೆ ಕೈ ಗೀರಿಸಿಕೊಂಡು ಅಳ್ತಿದ್ಲು. ನಾನೇ ತೆಗೆದೆ."

"ತೆಗಿಯಾಕೆ ಬರಲ್ವಾ?"

"ಆಯಮ್ಮ ಹೊಸದುರ್ಗದ ಪ್ಯಾಟೆಯೋಳು ಸಾರ್. ಒಳಗೋದ್ರೂ ಬಾಯಿ ತೆಗೆದೇ ಬಿಡ್ತಾಳೆ, ಹೊರಗೆ ಬಂದ್ರೂ ತೆಗೆದೇ ಬಿಡ್ತಾಳೆ. ಮರಿ ಎಲ್ಲ ಆಚೆ. ಅದಕ್ಕೇ ಅತ್ತೆ ದಿನಾ ಬೈಯೋಳು."

ಎರ್ರಿಸ್ವಾಮಿ ಆ ಜಾಲಿಮುಳ್ಳಿನ ಹೊರೆಯನ್ನು ನೋಡಿದ. ಬುಡ ಒಳಗೆ, ತುದಿ ಹೊರಗೆ. ಹೊರಗಿನಿಂದ ಹಿಡಿದು ಎಳೆಯಲು ಒಂದು ಗೇಣು ಜಾಗದಲ್ಲಿ ಮಾತ್ರ ಮುಳ್ಳು ಸವರಿದ್ದರು. ಬರಗೇರಮ್ಮ ಒಳಗೆ ಬಿದ್ದಿದ್ದಳು. ಅಂದರೆ ಹೊಡೆದವರು ಹೊರಗೆ ಬಂದು, ಮರಿ ಆಚೆ ಹೋಗದಂತೆ, ನಾಯಿ ಒಳಗೆ ನುಗ್ಗದಂತೆ ಮುಳ್ಳು ಎಳೆದು ಹೋಗಿದ್ದರು. ತಲೆ ಒಡೆದ ಕೈಗೂ ಆ ಅಭ್ಯಾಸ ತಪ್ಪಿರಲಿಲ್ಲ. ಮಮತಾ ಹಾಗೆ ಮಾಡುವವಳಲ್ಲ. ಆದರೆ ಈ ಹಟ್ಟಿಯಲ್ಲಿ ಉಳಿದವರೆಲ್ಲ ಹಾಗೆ ಮಾಡುವವರೇ.

ಅವನು ಅದನ್ನು ಪಂಚನಾಮೆಗೆ ಸೇರಿಸಿದ. ಸರ್ಕಲ್ ಇನ್ಸ್‌ಪೆಕ್ಟರ್ ಫೋನಿನಲ್ಲಿ ಅದನ್ನು ಕೇಳಿ ನಕ್ಕರು.

"ಗಾಯಾಳು ಕಣ್ಣಲ್ಲಿ ತೋರಿಸಿದಾಳೆ, ಬಾಯಲ್ಲಿ ಹೇಳಿದಾಳೆ, ನಿನ್ನ ಹತ್ರ ವಿಡಿಯೊ ಐತೆ. ನೀನು ಮುಳ್ಳು ಹಿಡ್ಕೊಂಡು ಕೂತಿದೀಯ. ನಾಳೆ ಹಟ್ಟಿಯವರು ರಸ್ತೆಗೆ ಕೂರ್ತಾರಂತೆ. ಹೊತ್ತು ಮುಳುಗಿದ ಮೇಲೆ ಹೆಂಗಸನ್ನ ಅರೆಸ್ಟ್ ಮಾಡೋಹಾಗಿಲ್ಲ. ನಾಳೆ ಸಂಜೆಯೊಳಗೆ ಮುಗಿಸು."

ಆ ರಾತ್ರಿ ಎರ್ರಿಸ್ವಾಮಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಫೋನ್ ರಿಂಗಾದಂತೆ ಅನಿಸಿ ಎದ್ದೆದ್ದು ನೋಡಿದ.

ನಿಜವಾಗಿ ರಿಂಗಾದದ್ದು ಗುರುವಾರ ಬೆಳಿಗ್ಗೆ ಎಂಟೂಕಾಲಿಗೆ. ಜಯಶೀಲಾ.

"ಸಾರ್, ಬರಗೇರಮ್ಮ ಹೊಸ ಆರೋಪಿ ತೋರಿಸಿದಾಳೆ."

"ಯಾರು?"

"ಗೋಡೆ."

"ಏನಮ್ಮ ತಮಾಷೆ?"

"ತಮಾಷೆ ಅಲ್ಲ ಸಾರ್. ನೆಲ ತೊಳೆಯಾಕೆ ಮಂಚ ತಿರುಗಿಸಿದ್ರು, ಹಂಗೇ ಬಿಟ್ಟೋದ್ರು. ಈಗ ಎಡಗಡೆ ಗೋಡೆ ಐತೆ, ಬಲಗಡೆ ಮಮತಾ. ಆಯಮ್ಮ ಒಂದು ಗಂಟೆಯಿಂದ ಗೋಡೆ ನೋಡ್ತದಾಳೆ. ಮಮತಾ ಕೂಗಿದ್ರೂ ತಿರುಗಲ್ಲ. ಗೋಡೆ ಮೇಲೆ ಎಫ್ಐಆರ್ ಹಾಕಾಣ ಅಂದ್ರೆ ಅದ್ರ ಗಂಡನ ಹೆಸರು ಗೊತ್ತಿಲ್ಲ."

ಒಂಬತ್ತೂವರೆಗೆ ಅವನು ವಾರ್ಡಿನಲ್ಲಿದ್ದ. ಡಾಕ್ಟರ್ ಅನುಸೂಯ ರೌಂಡ್ಸ್‌ನಲ್ಲಿದ್ದರು. ಅವನ ಪ್ರಶ್ನೆ ಕೇಳಿ ಸ್ಕ್ಯಾನಿನ ಫಿಲ್ಮ್ ಬೆಳಕಿಗೆ ಹಿಡಿದರು.

"ಪೆಟ್ಟು ಬಿದ್ದಿರೋದು ತಲೆಯ ಎಡಭಾಗಕ್ಕೆ. ಉದ್ದಕ್ಕೆ ನೇರ ಗಾಯ, ಕೋಲಿನಂಥದ್ದರಿಂದ ಆಗಿರಬಹುದು. ಮಿದುಳಿನ ಎಡಭಾಗ ನಮ್ಮ ಎರಡೂ ಕಣ್ಣನ್ನ ಬಲಕ್ಕೆ ತಳ್ಳುತ್ತೆ, ಬಲಭಾಗ ಎಡಕ್ಕೆ ತಳ್ಳುತ್ತೆ. ಎರಡೂ ಸಮವಾಗಿದ್ದರೆ ನೋಟ ನಡುವೆ ನಿಲ್ಲುತ್ತೆ. ಇವರಿಗೆ ಎಡಭಾಗ ಏಟು ತಿಂದು ಸುಮ್ಮನಾಗಿದೆ. ಇನ್ನೊಂದು ಭಾಗ ಒಂದೇ ಸಮ ತಳ್ಳುತ್ತಿದೆ."

"ಹಂಗಾದ್ರೆ ಎಡಕ್ಕೆ ಯಾರು ನಿಂತಿದ್ರೂ...?"

"ಯಾರು ನಿಂತರೂ. ನೀವು ನಿಂತರೆ ನಿಮ್ಮನ್ನೇ ನೋಡ್ತಾರೆ."

ಮಂಚವನ್ನು ಮೊದಲಿನಂತೆ ತಿರುಗಿಸಿದರು. ಎರ್ರಿಸ್ವಾಮಿ ಹೋಗಿ ಡ್ರಿಪ್ ಸ್ಟ್ಯಾಂಡಿನ ಪಕ್ಕ ನಿಂತ. ಬರಗೇರಮ್ಮನ ಕಣ್ಣು ಅವನ ಮುಖದ ಮೇಲೆ ಬಂದು ನಿಂತವು, ಅದುರಿದವು, ಮತ್ತೆ ನಿಂತವು. ಏನೂ ಮಾಡದವನಿಗೂ ಆ ನೋಟದ ಎದುರು ಬೆವರು ಬಂತು. ನಿನ್ನೆ ಮಮತಾ ಇಡೀ ವಾರ್ಡಿನ ಎದುರು ಇಲ್ಲೇ ನಿಂತಿದ್ದಳು.

"ಇದನ್ನ ಮೊದಲೇ ಹೇಳಬಹುದಿತ್ತಲ್ಲ ಮೇಡಂ?"

"ಕೇಸ್ ಶೀಟಿನಲ್ಲಿ ಬರೆದಿದೀನಿ. ನೀವು ಗಾಯದ ಸರ್ಟಿಫಿಕೇಟ್ ಮಾತ್ರ ಕೇಳಿದ್ರಿ."

ನಿಜ. ಅವನು ಅಷ್ಟೇ ಕೇಳಿದ್ದ.

"ಮಾತು? ಸೊಸೆ ಅಂದ್ರಲ್ಲ?"

"ಇಂಥವರಿಗೆ ಒಂದೇ ಮಾತು ಬಾಯಲ್ಲಿ ಸಿಕ್ಕಿಕೊಳ್ಳೋದುಂಟು. ಏಟು ಬಿದ್ದ ಹೊತ್ತಿಗೆ ಆಡುತ್ತಿದ್ದ ಮಾತಿರಬಹುದು, ಮನೆಯಲ್ಲಿ ದಿನಾ ಆಡೋ ಮಾತಿರಬಹುದು. ಅದನ್ನ ಸಾಕ್ಷಿ ಅಂತ ನಾನು ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಕಣ್ಣು ಮಾತ್ರ ಬೇಗ ಸರಿಹೋಗುತ್ತೆ. ನಿನ್ನೆಗಿಂತ ಇವತ್ತು ಸ್ವಲ್ಪ ನಡುವಿಗೆ ಬರ್ತಿದೆ."

ಕಾರಿಡಾರಿನಲ್ಲಿ ಬೋರಯ್ಯ ತಲೆ ಕೆರೆದುಕೊಂಡ. "ನಮ್ಮ ಕುರಿಗೆ ತಿರುಗು ರೋಗ ಬಂದಂಗೇ ಆತಲ್ಲ ಸಾರ್. ತಲೆಯಾಗೆ ಗುಳ್ಳೆ ಆದ್ರೆ ಒಂದೇ ಕಡೀಗೆ ಸುತ್ತುತಾವೆ. ಯಾರ್ನೋ ಹುಡುಕ್ತಾವೆ ಅಂತ ಯಾರೂ ಅನ್ನಲ್ಲ."

ಎರ್ರಿಸ್ವಾಮಿ ನಡೆಯುತ್ತಿದ್ದವನು ನಿಂತ. ಕಣ್ಣಿನ ಸಾಕ್ಷಿ ಹೋಯಿತು. ಮಾತಿನದು ಉಳಿದಿತ್ತು. ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ. ಆ ಎಡಗಡೆಯ ಜಾಗಕ್ಕೆ ಮಮತಾ ಬಂದದ್ದು ಹೇಗೆ?

ಅವಳನ್ನು ಜಗುಲಿಗೆ ಕರೆಸಿದ. ಜಯಶೀಲಾ ಪಕ್ಕದಲ್ಲಿ ಕೂತಳು.

"ಮಂಗಳವಾರ ಎಲ್ಲರ ಮುಂದೆ ಕೇಳಿದಾಗ ಡ್ರಿಪ್ ಹತ್ರ ನಿಂತಿದ್ದೆಯಲ್ಲ. ಯಾವಾಗಲೂ ಅಲ್ಲೇ ನಿಲ್ತೀಯಾ?"

"ಇಲ್ಲ ಸಾರ್. ಅಲ್ಲಿಯವರೆಗೂ ಕಾಲ ಹತ್ರ ಇರ್ತಿದ್ದೆ. ಮಾವ ಕರೆದ್ರು."

"ಯಾವ ಮಾವ?"

"ಸಣ್ಣಪ್ಪ ಮಾವ. 'ಮಮತಾ, ಈ ಕಡೆ ಬಾ, ಬಾಟ್ಲಿ ಹಿಡ್ಕ' ಅಂದ್ರು. ನನಗೆ ಆಶ್ಚರ್ಯ ಆತು."

"ಯಾಕೆ?"

"ನಾನು ಮದುವೆಯಾಗಿ ಬಂದು ಎರಡು ವರ್ಷ ಆತು. ಆವತ್ತಿನವರೆಗೂ ಅವ್ರು ನನ್ನ ಹೆಸರು ಕರೆದಿಲ್ಲ, ನನ್ನ ಕೈಯ ನೀರು ಮುಟ್ಟಿಲ್ಲ. ನಾನು ಎದುರಿಗೆ ಬಂದ್ರೆ ಮುಖ ತಿರುಗಿಸೋರು. ಆವತ್ತು ಹೆಸರು ಹಿಡಿದು ಕರೆದಾಗ, ಸದ್ಯ ಸಿಟ್ಟು ಇಳೀತು ಅಂದ್ಕಂಡು ಖುಷಿಯಿಂದ ಹೋಗಿ ನಿಂತೆ ಸಾರ್."

ಅವಳು ಅಳಲಿಲ್ಲ. ಜಯಶೀಲಾ ಮಾತ್ರ ಬೇರೆ ಕಡೆ ನೋಡಿದಳು.

"ಇನ್ನೊಂದು ಪ್ರಶ್ನೆ. ಅತ್ತೆ ನಿನ್ನೆ ಸೊಸೆ ಅಂದ್ರು. ನಿನ್ನನ್ನ ಹಂಗೇ ಕರೀತಾರಾ?"

"ನನ್ನನ್ನ ಮಮತಾ ಅಂತಾರೆ. ಸಿಟ್ಟು ಬಂದ್ರೆ 'ಏ ಹೊಸದುರ್ಗ' ಅಂತಾರೆ. ಸೊಸೆ ಅಂತ ಬಾಯ್ತುಂಬ ಕರೆಯೋದು ಸಹನಾನ. ಸಣ್ಣಪ್ಪ ಮಾವನ ಮಗಳು."

ಎರ್ರಿಸ್ವಾಮಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಅವನ ಸ್ವಂತ ಸೋದರತ್ತೆ, ಅವನು ಹುಟ್ಟಿದಾಗಿನಿಂದ ಇವತ್ತಿನವರೆಗೆ, ಅವನನ್ನು ಹೆಸರಿಂದ ಕರೆದದ್ದಿಲ್ಲ. ಅಳಿಯ ಎಂದೇ ಕರೆಯುತ್ತಾಳೆ. ಅವಳ ಮಗಳನ್ನು ಅವನೇನೂ ಮದುವೆಯಾಗಿಲ್ಲ. ಅಣ್ಣತಮ್ಮಂದಿರ ಮಗ ಅಳಿಯ, ಮಗಳು ಸೊಸೆ. ಇದು ಗೊತ್ತಿಲ್ಲದ ಮಾತಲ್ಲ. ನಿನ್ನೆ ಆ ಕಣ್ಣು ಮಮತಾಳ ಮೇಲೆ ಇದ್ದದ್ದರಿಂದ ಕಿವಿಯೂ ಅದನ್ನೇ ಕೇಳಿತ್ತು.

ಸರ್ಕಲ್ ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದ.

"ಫಿರ್ಯಾದಿಯನ್ನೇ ವಿಚಾರಿಸ್ತೀಯಾ? ಎರ್ರಿಸ್ವಾಮಿ, ನಿನಗೆ ತಲೆ ಸರಿ ಐತಾ?"

"ತಪ್ಪಿದ್ರೆ ನನ್ನ ಮೇಲೆ ಬರೀರಿ ಸಾರ್. ಸಂಜೆಯವರೆಗೆ ಟೈಮ್ ಕೊಡ್ರಿ."

ಫೋನ್ ಇಟ್ಟು ಬೋರಯ್ಯನನ್ನು ಕರೆದುಕೊಂಡು ಹೊರಟ.

ಸಣ್ಣಪ್ಪನ ಮನೆ ಬಿಳಿಗಲ್ಲಹಟ್ಟಿಯಿಂದ ಗುಡ್ಡ ದಾಟಿದರೆ ಸಿಗುವ ಇನ್ನೊಂದು ಹಟ್ಟಿಯಲ್ಲಿ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸಣ್ಣಪ್ಪ ಆಸ್ಪತ್ರೆಯಲ್ಲಿದ್ದ, ಸಹನಾ ಒಬ್ಬಳೇ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಪ್ಪತ್ತೆರಡರ ಹುಡುಗಿ. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

"ನಿಮ್ಮತ್ತೆ ಬರಗೇರಮ್ಮ ನಿನ್ನ ಏನಂತ ಕರೀತಾರಮ್ಮ?"

"ಸೊಸೆ ಅಂತಾಳೆ."

"ಮೊದಲಿಂದಾನೂ?"

"ನಾನು ತೊಟ್ಟಿಲಾಗಿದ್ದಾಗಲೇ ಅಪ್ಪನ ಕೈ ಹಿಡಿದು 'ಇವಳು ನಮ್ಮನೆ ಸೊಸೆ' ಅಂದಿದ್ಲಂತೆ. ಶ್ರೀನಿವಾಸ್ ಮಾವ ಮಮತಕ್ಕನ್ನ ಇಷ್ಟಪಟ್ಟು ಮದುವೆಯಾದ. ನನಗೇನೂ ಬೇಜಾರಿಲ್ಲ ಸಾರ್. ಅಪ್ಪಗೆ ಆತು."

"ಈಗ ಗಂಡು ನೋಡ್ತಿದಾರಾ?"

ಅವಳು ತಡೆದು ಹೇಳಿದಳು. "ಹೊಳಲ್ಕೆರೆ ಕಡೆಯೋರು ಒಪ್ಪಿದ್ರು. ಹೋದ ಶನಿವಾರ ಭೀಮಸಮುದ್ರದಾಗೆ ನಮ್ಮೋರ ಮದುವೆ ಇತ್ತು, ಹುಡುಗನ ತಾಯಿನೂ ಬಂದಿದ್ರು. ಊಟದ ಪಂಕ್ತೀಲಿ ನನ್ನ ತೋರಿಸಿ ಅತ್ತೆನ ಕೇಳಿದ್ರಂತೆ, 'ಈ ಹುಡುಗಿ ನಿಮಗೇನಾಗ್ಬೇಕು' ಅಂತ. ಅತ್ತೆ, 'ನಮ್ಮನೆ ಸೊಸೆ ಅಲ್ವಾ ಇವಳು, ಹುಟ್ಟಿದಾಗಿಂದ' ಅಂದ್ಲಂತೆ. ಪ್ರೀತಿಗೆ ಅಂದದ್ದು. ಅವ್ರು ಅದನ್ನ ಬ್ಯಾರೆ ತರ ತಿಳ್ಕಂಡ್ರು. ಶ್ರೀನಿವಾಸ್ ಮಾವಂಗೆ ಕೊಟ್ಟು ಬಿಡಿಸಿದ ಹೆಣ್ಣು, ಮುಚ್ಚಿಟ್ಟು ಮಾಡ್ತದಾರೆ ಅಂತ. ಭಾನುವಾರ ಸಂಜೆ ಬ್ಯಾಡ ಅಂತ ಹೇಳಿ ಕಳಿಸಿದ್ರು."

"ಅಪ್ಪ ಏನಂದ್ರು?"

"ಏನೂ ಅನ್ಲಿಲ್ಲ. ಉಣ್ಣಲೂ ಇಲ್ಲ."

"ಸೋಮವಾರ ಬೆಳಿಗ್ಗೆ ಎಲ್ಲಿದ್ರು?"

"ಸೊಪ್ಪು ತರ್ತೀನಿ ಅಂತ ಹೊತ್ತುಟ್ಟೋಕೆ ಮುಂಚೆ ಗಾಡಿ ತಗಂಡು ಹೋದ."

"ಸೊಪ್ಪು ತಂದ್ರಾ?"

ಪ್ರಶ್ನೆಯ ತುದಿ ಎಲ್ಲಿ ಮುಟ್ಟುತ್ತದೆಂದು ಅವಳಿಗೆ ಆಗ ಗೊತ್ತಾಯಿತು. ಕೆಳಗೆ ಕೂತು ಮೊರದ ಜೋಳವನ್ನು ಸುಮ್ಮನೆ ಕೈಯಲ್ಲಿ ಒತ್ತರಿಸಿದಳು. ಎರ್ರಿಸ್ವಾಮಿ ಎರಡನೇ ಸಲ ಕೇಳಲಿಲ್ಲ.

ಬರುವ ದಾರಿಯಲ್ಲಿ ಬಿಳಿಗಲ್ಲಹಟ್ಟಿಯಲ್ಲಿ ನಿಂಗಕ್ಕನನ್ನು ಮತ್ತೆ ಕಂಡರು.

"ಸೋಮವಾರ ಬೆಳಿಗ್ಗೆ ಮಮತಾ ಕೂಗೋಕೆ ಮುಂಚೆ ಈ ಕಡೆ ಯಾರಾದ್ರೂ ಬಂದಿದ್ರಾ?"

"ಯಾರೂ ಹೊರಗಿನೋರು ಬಂದಿಲ್ಲ ಸಾರ್."

"ಹೊರಗಿನೋರಲ್ಲ. ಒಳಗಿನೋರು?"

"ಸಣ್ಣಪ್ಪ ಬಂದಿದ್ದ. ಬೈಕು ಬೇಲಿ ಪಕ್ಕ ನಿಂತಿತ್ತು. ಅಕ್ಕನ ಮನೆಗೆ ತಮ್ಮ ಬರಾದು ಏನ್ ಹೊಸಾದಾ? ತಿಂಗಳಿಗೆ ನಾಕು ಸಲ ಬರ್ತಾನೆ."

ದೂರಿನಲ್ಲಿ ಸಣ್ಣಪ್ಪ, ಸೋಮವಾರ ಹತ್ತು ಗಂಟೆಗೆ ಫೋನ್ ಬಂದ ಮೇಲೆ ತನಗೆ ವಿಷಯ ತಿಳಿಯಿತು, ಅಲ್ಲಿಯವರೆಗೆ ಮನೆಯಲ್ಲೇ ಇದ್ದೆ ಎಂದು ಬರೆಸಿದ್ದ. ನಿಂಗಕ್ಕನ ಹೇಳಿಕೆ ದಾಖಲಾಯಿತು.

ಮಧ್ಯಾಹ್ನ ಮೂರಕ್ಕೆ ಸಣ್ಣಪ್ಪನನ್ನು ಠಾಣೆಗೆ ಕರೆಸಿದರು. ಮಮತಾಳ ಅರೆಸ್ಟಿಗೆ ಸಹಿ ಬೇಕೆಂದುಕೊಂಡು ಬಂದವನು ಕುರ್ಚಿಯ ಅಂಚಿಗೆ ಕೂತ.

"ಆಸ್ಪತ್ರೆಗೆ ಮೊದಲ ಸಲ ಹೋದದ್ದು ಯಾವಾಗ?"

"ಸೋಮವಾರ ಮಧ್ಯಾಹ್ನ."

"ಮಂಚದ ಯಾವ ಕಡೆ ನಿಂತ್ರಿ?"

ಸಣ್ಣಪ್ಪ ತಲೆ ಎತ್ತಿದ. "ಯಾವ ಕಡೆ ಅಂದ್ರೆ?"

"ಎಡಕ್ಕೋ, ಬಲಕ್ಕೋ?"

"ನೆಪ್ಪಿಲ್ಲ ಸಾರ್."

"ನಾನು ಇವತ್ತು ಎಡಕ್ಕೆ ನಿಂತಿದ್ದೆ. ಅವ್ರು ನನ್ನನ್ನೇ ನೋಡಿದ್ರು. ನಾನು ಹೊಡೆದಿಲ್ಲ, ಆದ್ರೂ ಬೆವರು ಬಂತು. ಹೊಡೆದಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ತಿದೀನಿ."

ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಹೋದವು.

"ಕುರಿಗೆ ತಿರುಗು ರೋಗ ಬಂದದ್ದು ನೋಡಿದೀರಲ್ಲ?"

"ನೋಡೀನಿ."

"ಮತ್ತೆ ಮಮತಾನ ಆ ಕಡೆ ಯಾಕೆ ನಿಲ್ಲಿಸಿದ್ರಿ ಸಣ್ಣಪ್ಪ?"

ಬೋರಯ್ಯ ನೀರಿನ ಲೋಟ ಮುಂದಿಟ್ಟ. ಅದನ್ನು ಮುಟ್ಟದೆಯೇ ಸಣ್ಣಪ್ಪ ಶುರು ಮಾಡಿದ.

"ಮೊದ್ಲು ನಾನೇ ಆ ಕಡೆ ನಿಂತಿದ್ದೆ ಸಾರ್. ಅಕ್ಕ ನನ್ನೇ ನೋಡಿದ್ಲು. ರೆಪ್ಪೆ ಬಡೀದಂಗೆ. ಸುತ್ತ ಜನ. ನನಗೆ ಜೀವ ಹೋದಂಗಾತು. ಎಲ್ರಿಗೂ ಗೊತ್ತಾಗ್ತೈತೆ ಅಂತ ಈ ಕಡೀಗೆ ಓಡಿ ಬಂದೆ. ಕಣ್ಣು ಬರಲಿಲ್ಲ. ಅಲ್ಲೇ ಉಳೀತು. ರಾತ್ರಿಯೆಲ್ಲ ನೋಡಿದೆ. ಯಾರು ಅತ್ತ ನಿಂತ್ರೂ ಅವ್ರನ್ನೇ ನೋಡೋಳು."

"ಆಮೇಲೆ ಮಮತಾನ ಕರೆದ್ರಿ."

"ಕರೆದೆ."

"ಸೋಮವಾರ ಬೆಳಿಗ್ಗೆ ಏನಾತು?"

"ಕೇಳಾಕೆ ಹೋಗಿದ್ದೆ, ಹೊಡಿಯಾಕಲ್ಲ. 'ಆ ಮಾತು ಯಾಕೆ ಅಂದೆ ಅಕ್ಕ, ನನ್ನ ಮಗಳ ಬಾಳು ಹೋತು' ಅಂದೆ. ಮರಿಗೆ ಸೊಪ್ಪು ಕಟ್ಟುತಿದ್ಲು. ತಿರುಗಿ ನಕ್ಕು, 'ನನ್ನ ಸೊಸೇನ ಸೊಸೆ ಅನ್ನದೆ ಇನ್ನೇನ್ ಅನ್ನಲೋ' ಅಂದ್ಲು. ಆ ನಗು ನೋಡಿ ಕೋಲು ಎತ್ತಿದೆ ಸಾರ್. ಇಳಿದಿದ್ದು ಗೊತ್ತಾಗಲಿಲ್ಲ."

ಸಂಜೆ ಅವನೇ ಕರೆದುಕೊಂಡು ಹೋಗಿ ಗುಡ್ಡದ ದಾರಿಯ ಕಳ್ಳಿಪೊದೆಯಿಂದ ಕೋಲು ತೆಗೆದುಕೊಟ್ಟ. ತುದಿಯಲ್ಲಿ ಕಪ್ಪು ಕಲೆಯೂ ಅದಕ್ಕೆ ಅಂಟಿದ ನರೆಗೂದಲೂ ಇದ್ದವು. ಪಂಚರ ಸಮಕ್ಷಮ ಜಪ್ತಿ ಮಾಡಿ ಮೊಹರು ಹಾಕಿದರು. ಗುರುವಾರ ಸಂಜೆ ಆರೂ ಹತ್ತಕ್ಕೆ ಸಣ್ಣಪ್ಪನ ಬಂಧನ ದಾಖಲಾಯಿತು. ಮಮತಾಳ ಮೇಲಿನ ಆರೋಪ ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಸರ್ಕಲ್ ಇನ್ಸ್‌ಪೆಕ್ಟರ್ ಫೋನಿನಲ್ಲಿ "ಹ್ಞೂಂ" ಎಂದಷ್ಟೇ ಹೇಳಿ ಇಟ್ಟರು.

ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಕಾನೂನಿನ ಪ್ರಕಾರ ಕೇಳಬೇಕಾಗಿತ್ತು. ಕೇಳಿದ.

"ಅಕ್ಕನಿಗೆ ತಿಳಿಸ್ರಿ," ಎಂದ ಸಣ್ಣಪ್ಪ. ಹೇಳಿದ ಮೇಲೆ ತಾನೇ ಗಾಬರಿಯಾದ. "ನಮಗೆ ಹಿರಿಯೋರು ಅಂತ ಇರೋದು ಅವಳೊಬ್ಳೇ ಸಾರ್. ಅವ್ವ ಹೋದ ಮೇಲೆ ಅವಳೇ ಸಾಕಿದ್ದು. ಸಹನಾಗೆ ನೀವು ಹೇಳಬ್ಯಾಡ್ರಿ. ಅಕ್ಕನ ಮನೆಯೋರು ಹೇಳ್ಲಿ."

ಎರ್ರಿಸ್ವಾಮಿ ಬರಗೇರಮ್ಮ ಎಂದು ಬರೆದ. ಸಂಬಂಧ: ಅಕ್ಕ. ಅವಳೇ ಗಾಯಾಳು ಎಂದು ಹೇಳಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಸಣ್ಣಪ್ಪನಿಗೆ ಅಕ್ಕನ ಮೇಲೆ ಹಗೆ ಇರಲಿಲ್ಲ. ತೊಟ್ಟಿಲ ಬಳಿ ಅವಳು ಕೊಟ್ಟ ಮಾತನ್ನು ಅವನು ಇಪ್ಪತ್ತು ವರ್ಷ ಮಗಳ ಹಣೆಬರಹವೆಂದೇ ನಂಬಿಕೊಂಡು ಬಂದಿದ್ದ. ಮಾತು ಮುರಿದು, ಶಬ್ದ ಮಾತ್ರ ಅಕ್ಕನ ಬಾಯಲ್ಲಿ ಉಳಿಯಿತು. ಅವಳಿಗದು ಮುದ್ದಿನ ಹೆಸರು. ಅವನಿಗೆ, ಕೇಳಿದಾಗಲೆಲ್ಲ, ಕೊಟ್ಟು ಕಿತ್ತುಕೊಂಡದ್ದರ ನೆನಪು. ಹೊಳಲ್ಕೆರೆಯವರು ಬೇಡವೆಂದ ದಿನ ಆ ಎರಡಕ್ಷರ ಅವನ ಕಿವಿಗೆ ಬೈಗುಳವಾಗಿ ಕೇಳಿತು. ಆಸ್ಪತ್ರೆಯಲ್ಲಿ ಅಕ್ಕನ ನೋಟ ತಪ್ಪಿಸಿಕೊಳ್ಳಲು ಓಡಿದವನು, ಆ ನೋಟದ ದಾರಿಗೆ ಇನ್ನೊಬ್ಬರ ಮಗಳನ್ನು ತಂದು ನಿಲ್ಲಿಸಿದ.

ಶುಕ್ರವಾರ ಬೆಳಿಗ್ಗೆ ಎರ್ರಿಸ್ವಾಮಿ ತಿಳಿಸುವ ಕೆಲಸಕ್ಕೆ ಆಸ್ಪತ್ರೆಗೆ ಹೋದ. ಡಾಕ್ಟರನ್ನು ಮೊದಲು ಕೇಳಿದ. ಮೆತ್ತಗೆ ಹೇಳಿ ಎಂದರು. ಶ್ರೀನಿವಾಸ್ ಒಳಗೆ ಬಂದು ಗೋಡೆಗೆ ಒರಗಿದ್ದ. ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗಿನ್ನೂ ಇರಲಿಲ್ಲ. ಮಮತಾ ಅತ್ತೆಯ ತಲೆ ಎತ್ತಿ ಹಿಡಿದು ಗಂಜಿ ಕುಡಿಸುತ್ತಿದ್ದಳು.

"ಸಹನಾನ ನಮ್ಮನೆಗೆ ಕರ್ಕಂಡು ಬರ್ತೀವಿ ಸಾರ್," ಎಂದಳು ಅವನು ಕೇಳುವ ಮೊದಲೇ. "ಒಬ್ಳೇ ಇದ್ದಾಳೆ ಅಲ್ಲಿ."

ಎರ್ರಿಸ್ವಾಮಿ ಮಂಚದ ಬಲಕ್ಕೆ ನಿಂತು ಬಾಗಿದ. ಬರಗೇರಮ್ಮನ ಕಣ್ಣು ನಡುವಿನವರೆಗೆ ಬಂದವು. ಅಲ್ಲಿಂದ ಮುಂದೆ ಅವು ಬರಲಿಲ್ಲ. ಅವನು ಅವು ನಿಂತ ಕಡೆಗೇ ಹೋಗಿ ನಿಂತ.

"ಅಮ್ಮಾ, ಸಣ್ಣಪ್ಪನ್ನ ನಿನ್ನೆ ಸಂಜೆ ಅರೆಸ್ಟ್ ಮಾಡಿದೀವಿ. ನಮ್ಮ ಠಾಣೆಯಾಗೆ ಅದಾನೆ. ನಿಮಗೆ ತಿಳಿಸು ಅಂದ."

ಅವಳಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಎರಡೂ ಕಣ್ಣು ತುಂಬಿದವು. ತುಟಿ ಅಲುಗಿತು. ಅದೇ ಹಳೆಯ ಮಾತು ಬರುತ್ತದೆಂದು ಎಲ್ಲರೂ ಕಾದರು. ಬಂದದ್ದು ಬೇರೆ. ಬಹಳ ಕಷ್ಟಪಟ್ಟು, ಒಂದೊಂದೇ ಅಕ್ಷರ ಎಳೆದು ಕೇಳಿದಳು.

"ಉಂ... ಡ್ನಾ?"

ಸಣ್ಣಪ್ಪ ಉಂಡಿದ್ದನೋ ಇಲ್ಲವೋ ಎರ್ರಿಸ್ವಾಮಿಗೆ ಗೊತ್ತಿರಲಿಲ್ಲ. ಹೌದು ಎಂದು ಬಾಯಿಗೆ ಬಂದದ್ದನ್ನು ತಡೆದುಕೊಂಡ. ಹೊರಗೆ ಕಾರಿಡಾರಿಗೆ ಬಂದು ಠಾಣೆಗೆ ಫೋನ್ ಹಚ್ಚಿ ಬೋರಯ್ಯನನ್ನು ಕೇಳಿದ.